ತಿರುವಿನಲ್ಲಿ ತಿರುಗದ ಕಾರಿಗೆ ಹಿಂಗಾಲಿನ ಮದ್ದು

ಸ್ಟಿಯರಿಂಗ್ ಪೂರ್ತಿ ತಿರುಗಿಸಿದ್ದಾಯ್ತು. ಕಾರು ಮಾತ್ರ ಮೂತಿ ನೆಟ್ಟಗೆ ಮಾಡಿಕೊಂಡು ತಿರುವಿನ ಆಚೆಗೇ ಹೋಗುತ್ತಿದೆ. ಮೊದಲು ಹುಲ್ಲು, ಆಮೇಲೆ ಮರಳು, ಕೊನೆಗೆ ತಡೆಗೋಡೆ! ಹಿಂದಿದ್ದವರೆಲ್ಲ ಸುಯ್ಯನೆ ಮುಂದೆ ಹೋದರು. ಟೀವಿ ಎದುರು ಕೂತ ಹುಡುಗ ರಿಮೋಟ್ ಹಿಡಿದಂತೆ ಹಿಡಿದ ಕಂಟ್ರೋಲರನ್ನು ಸೋಫಾ ಮೇಲೆ ಎಸೆದು "ಈ ಕಾರೇ ಸರಿ ಇಲ್ಲ" ಅಂದ.

ರಜೆ ಬಂತೆಂದರೆ ಸಾಕು, ಹೊಸೂರಿನ ಬಡಾವಣೆಗಳಿಂದ ಹಿಡಿದು ಕಾಸರಗೋಡಿನ ತೋಟದ ಮನೆಗಳವರೆಗೆ, ಸೊಲ್ಲಾಪುರದ ಗಲ್ಲಿಯಿಂದ ಊಟಿಯ ಚಳಿಯವರೆಗೆ ಇದು ಕೇಳಿಬರುವ ಮಾತು. ಕಾರ್ ರೇಸಿನ ಆಟ ಅಂದರೆ ಬರೀ ಗುಂಡಿ ಒತ್ತುವುದು, ಡಿಕ್ಕಿ ಹೊಡೆಯುವುದು ಎಂದು ಹಿರಿಯರು ತಿಳಿದಿದ್ದಾರೆ. ಅಂಥ ಆಟಗಳೂ ಇವೆ, ಇಲ್ಲವೆನ್ನುವುದಿಲ್ಲ. ಆದರೆ ಕೆಲವು ಆಟಗಳ ಒಳಗೆ ಒಂದು ಇಡೀ ಗ್ಯಾರೇಜೇ ಅಡಗಿದೆ. ಸ್ಪ್ರಿಂಗ್ ಗಟ್ಟಿ ಮಾಡಬಹುದು, ಶಾಕ್ ಅಬ್ಸಾರ್ಬರ್ ಮೆದು ಮಾಡಬಹುದು, ಚಕ್ರವನ್ನು ಅರ್ಧ ಡಿಗ್ರಿ ವಾಲಿಸಬಹುದು. ಹುಡುಗರಲ್ಲಿ ಬಹುಮಂದಿ ಈ ಪುಟವನ್ನು ತೆರೆಯುವುದೇ ಇಲ್ಲ. ತೆರೆದವರು ಎಲ್ಲವನ್ನೂ ಬಲಗಡೆಗೆ ಎಳೆದು ಗಟ್ಟಿ ಮಾಡಿ ಬಿಡುತ್ತಾರೆ. 'ರೇಸ್ ಕಾರು ಅಂದ್ಮೇಲೆ ಗಟ್ಟಿ ಇರ್ಬೇಕಲ್ವಾ?' ಎನ್ನುವುದು ಅವರ ವಾದ. ಮುಂದಿನ ಚಕ್ರದಿಂದ ಓಡುವ ಕಾರಿಗೆ ಇದಕ್ಕಿಂತ ದೊಡ್ಡ ಅನ್ಯಾಯ ಬೇರೆ ಇಲ್ಲ.

ಈ ಬಗೆಯ ಆಟಗಳಲ್ಲಿ ಹೆಸರಾದದ್ದು ಜಪಾನಿನ 'ಗ್ರ್ಯಾನ್ ಟುರಿಸ್ಮೊ'. ಕಜುನೊರಿ ಯಮೌಚಿ ಎಂಬವರ ಕಲ್ಪನೆ. 1997ರ ಡಿಸೆಂಬರ್‌ನಲ್ಲಿ ಮೊದಲ ಪ್ಲೇಸ್ಟೇಷನ್‌ಗೆ ಬಂತು. ನಮ್ಮ ಕಡೆಯ ಗೇಮ್ ಅಂಗಡಿಗಳಲ್ಲಿ ಗಂಟೆ ಲೆಕ್ಕದಲ್ಲಿ ಹಣ ಕೊಟ್ಟು ಆಡಿದ ತಲೆಮಾರಿಗೆ ನೆನಪಿರುವುದು ಪ್ಲೇಸ್ಟೇಷನ್ 2ರ ಮೂರನೆಯ ಮತ್ತು ನಾಲ್ಕನೆಯ ಭಾಗ. ಏಳನೆಯ ಭಾಗ 2022ರ ಮಾರ್ಚ್‌ನಲ್ಲಿ ಬಿಡುಗಡೆಯಾಯಿತು. ಈ ಲೇಖನದ ಲೆಕ್ಕಾಚಾರವೆಲ್ಲ ಆ ಏಳನೆಯ ಭಾಗದ್ದು. ಬೇರೆ ಆಟದಲ್ಲಿ ಹೆಸರು, ಅಳತೆ ಬದಲಾದೀತು, ತತ್ವ ಅದೇ.

ನಾಲ್ಕಾಳಿನ ಕೆಲಸ, ಎರಡೇ ಚಕ್ರ

ಮೊದಲಿಗೆ ಕಾರಿನ ಗುಣ ತಿಳಿಯಬೇಕು. ಅಂಬಾಸಿಡರ್, ಪದ್ಮಿನಿ ಕಾಲದ ಕಾರುಗಳಲ್ಲಿ ಎಂಜಿನ್ ಮುಂದೆ, ಓಡಿಸುವ ಚಕ್ರ ಹಿಂದೆ. ನಡುವೆ ಉದ್ದದ ಪ್ರೊಪೆಲ್ಲರ್ ಶಾಫ್ಟ್. 1959ರಲ್ಲಿ ಇಂಗ್ಲೆಂಡಿನಲ್ಲಿ ಅಲೆಕ್ ಇಸಿಗೋನಿಸ್ ಎಂಬ ಎಂಜಿನಿಯರ್ 'ಮಿನಿ' ಎಂಬ ಪುಟ್ಟ ಕಾರಿನಲ್ಲಿ ಎಂಜಿನನ್ನು ಅಡ್ಡಡ್ಡ ಮಲಗಿಸಿ ಮುಂದಿನ ಚಕ್ರಕ್ಕೇ ಶಕ್ತಿ ಕೊಟ್ಟರು. ಅಷ್ಟು ಚಿಕ್ಕ ಕಾರಿನಲ್ಲಿ ನಾಲ್ಕು ಜನ ಕೂರುವಷ್ಟು ಜಾಗ ಸಿಕ್ಕಿತು. ಆಟಿಕೆಯಂಥ ಆ ಕಾರು 1964, 1965 ಮತ್ತು 1967ರಲ್ಲಿ ಮಾಂಟೆ ಕಾರ್ಲೊ ರ್‍ಯಾಲಿ ಗೆದ್ದಿತು ಎಂದರೆ ನೋಡಿ! ನಮ್ಮಲ್ಲಿ ಈ ಏರ್ಪಾಡನ್ನು ಮನೆಮಾತು ಮಾಡಿದ್ದು 1983ರ ಡಿಸೆಂಬರ್‌ನಲ್ಲಿ ರಸ್ತೆಗಿಳಿದ ಮಾರುತಿ 800. ಇವತ್ತು ನಮ್ಮ ಅಂಗಳದಲ್ಲಿ ನಿಂತಿರುವ ಆಲ್ಟೊ, ಸ್ವಿಫ್ಟ್, ವ್ಯಾಗನ್ ಆರ್, ಐ20 ಎಲ್ಲವೂ ಇದೇ ಜಾತಿ.

ಜಾಗ ಉಳಿಯಿತು, ತೂಕ ಇಳಿಯಿತು, ಬೆಲೆಯೂ ಇಳಿಯಿತು. ಸರಿ. ಆದರೆ ಮುಂದಿನ ಎರಡು ಟಯರ್‌ಗಳ ಪಾಡು ಕೇಳುವವರಾರು? ಎಂಜಿನ್, ಗೇರ್‌ಬಾಕ್ಸಿನ ಭಾರ ಹೊರುವುದು ಅವೇ. ಕಾರನ್ನು ಎಳೆಯುವುದು ಅವೇ. ತಿರುಗಿಸುವುದು ಅವೇ. ಬ್ರೇಕ್ ಹಾಕಿದಾಗ ಹೆಚ್ಚಿನ ಪಾಲು ತಡೆಯುವುದೂ ಅವೇ. ಹಿಂದಿನ ಎರಡು ಟಯರ್ ಸುಮ್ಮನೆ ಮದುವೆ ದಿಬ್ಬಣದ ಹಿಂದೆ ಬರುವವರಂತೆ ಬರುತ್ತವೆ.

ಟಯರಿನ ಹಿಡಿತಕ್ಕೆ ಒಂದು ಮಿತಿಯಿದೆ. ಆ ಹಿಡಿತವನ್ನು ಬ್ರೇಕಿಗೆ ಖರ್ಚು ಮಾಡಿದರೆ ತಿರುಗಲು ಉಳಿಯುವುದು ಕಡಿಮೆ. ತಿರುಗಲು ಖರ್ಚು ಮಾಡಿದರೆ ಎಳೆಯಲು ಉಳಿಯುವುದು ಕಡಿಮೆ. ಮಿತಿ ಮೀರಿದರೆ ಮುಂದಿನ ಟಯರ್ ಜಾರುತ್ತದೆ, ಕಾರು ಹೊರಗಡೆಗೆ ಸಾಗುತ್ತದೆ. ಇದಕ್ಕೆ ಅಂಡರ್‌ಸ್ಟಿಯರ್ ಎನ್ನುತ್ತಾರೆ. ಬಾಲ ಜಾರಿ ಕಾರು ಗಿರಕಿ ಹೊಡೆಯಲು ಹೊರಟರೆ ಅದು ಓವರ್‌ಸ್ಟಿಯರ್. ಮುಂಚಕ್ರದ ಕಾರಿನ ಹುಟ್ಟುಗುಣ ಮೊದಲನೆಯದು.

300 ಕೆ.ಜಿ. ಲೆಕ್ಕ

ಇಲ್ಲಿ ಸ್ವಲ್ಪ ಲೆಕ್ಕ ಬರುತ್ತದೆ. ಹೈಸ್ಕೂಲ್ ಮಕ್ಕಳಿಗೂ ಅರ್ಥವಾಗುವಂಥದ್ದೇ, ಓದುಗರು ಪುಟ ತಿರುಗಿಸಬಾರದಾಗಿ ವಿನಂತಿ!

1,000 ಕೆ.ಜಿ. ತೂಕದ ಒಂದು ಕಾರು ಎಂದುಕೊಳ್ಳಿ. ಮುಂದೆ 600, ಹಿಂದೆ 400. ಅಂದರೆ ನಿಂತಿರುವಾಗ ಮುಂದಿನ ಒಂದೊಂದು ಟಯರ್ ಮೇಲೆ 300, ಹಿಂದಿನ ಒಂದೊಂದರ ಮೇಲೆ 200. ಕಾರಿನ ಭಾರಕೇಂದ್ರ ನೆಲದಿಂದ ಅರ್ಧ ಮೀಟರ್ ಎತ್ತರ, ಎಡಚಕ್ರದಿಂದ ಬಲಚಕ್ರಕ್ಕೆ ಒಂದೂವರೆ ಮೀಟರ್. ಈ ಕಾರು ಒಂದು ತಿರುವನ್ನು ಜೋರಾಗಿ ತೆಗೆದುಕೊಂಡಿತು. ತನ್ನ ತೂಕದ ಹತ್ತರಲ್ಲಿ ಒಂಬತ್ತು ಪಾಲು ಬಲದಿಂದ ಹೊರಕ್ಕೆ ತಳ್ಳಿದಂತಾಯಿತು. ಆಗ ಒಳಬದಿಯ ಚಕ್ರಗಳಿಂದ ಹೊರಬದಿಯ ಚಕ್ರಗಳಿಗೆ ದಾಟುವ ಭಾರ: 1,000 ಗುಣಿಸು 0.9, ಗುಣಿಸು 0.5, ಭಾಗಿಸು 1.5. ಉತ್ತರ 300 ಕೆ.ಜಿ.

ಈ 300 ಕೆ.ಜಿ.ಯನ್ನು ಸ್ಪ್ರಿಂಗ್ ಬದಲಿಸಿ ಕಡಿಮೆ ಮಾಡಲಾಗದು. ಕಾರಿನ ಎತ್ತರ ತಗ್ಗಿಸಿದರೆ ಒಂದಿಷ್ಟು ತಗ್ಗೀತು, ಅಷ್ಟೆ. ಆದರೆ ಅದರಲ್ಲಿ ಎಷ್ಟು ಪಾಲು ಮುಂದಿನ ಜೋಡಿಯ ಮೂಲಕ ದಾಟಬೇಕು, ಎಷ್ಟು ಪಾಲು ಹಿಂದಿನ ಜೋಡಿಯ ಮೂಲಕ ದಾಟಬೇಕು ಎನ್ನುವುದು ನಮ್ಮ ಕೈಯಲ್ಲಿದೆ. ಯಾವ ಕಡೆ ಗಟ್ಟಿಯೋ ಆ ಕಡೆ ಹೆಚ್ಚು ದಾಟುತ್ತದೆ. ಸಸ್ಪೆನ್ಷನ್ ಟ್ಯೂನಿಂಗಿನ ಗುಟ್ಟೆಲ್ಲ ಈ ಒಂದು ಮಾತಿನಲ್ಲಿದೆ.

ಮುಂದೆ ಗಟ್ಟಿ ಮಾಡಿದಿರಿ. 180 ಮುಂದೆ, 120 ಹಿಂದೆ ದಾಟಿತು. ಮುಂದಿನ ಹೊರಟಯರ್ ಮೇಲೆ 480 ಕೆ.ಜಿ., ಒಳಟಯರ್ ಮೇಲೆ ಬರೀ 120. ಒಟ್ಟು 600 ಹಾಗೇ ಇದೆಯಲ್ಲ, ನಷ್ಟವೇನು ಎಂದು ಕೇಳಬಹುದು. ನಷ್ಟ ಇದೆ. ಟಯರ್ ಮೇಲೆ ಭಾರ ಎರಡು ಪಟ್ಟು ಹೇರಿದರೆ ಹಿಡಿತ ಎರಡು ಪಟ್ಟು ಆಗುವುದಿಲ್ಲ, ಅದಕ್ಕಿಂತ ಕಡಿಮೆಯೇ ಆಗುತ್ತದೆ. ಇಬ್ಬರು ಆಳುಗಳು ಸಮನಾಗಿ ಹೊತ್ತರೆ ಸಂಜೆಯೊಳಗೆ ಮುಗಿಯುವ ಅಡಿಕೆ ಮೂಟೆಯ ಕೆಲಸ, ಒಬ್ಬನ ತಲೆಗೇ ಎಲ್ಲ ಹೇರಿ ಇನ್ನೊಬ್ಬನ ಕೈಗೆ ಖಾಲಿ ಚೀಲ ಕೊಟ್ಟರೆ ಮುಗಿದೀತೇ? ಹಾಗೆ. ಮೇಲಾಗಿ, ಕಾರನ್ನು ಎಳೆಯಬೇಕಾದ ಆ ಒಳಚಕ್ರ 120 ಕೆ.ಜಿ. ಭಾರದಲ್ಲಿ ಸುಮ್ಮನೆ ಗಿರ್ರನೆ ತಿರುಗಿ ಹೊಗೆ ಎಬ್ಬಿಸುತ್ತದೆ.

ಈಗ ತಿರುವುಮುರುವು ಮಾಡಿ. ಹಿಂದೆ ಗಟ್ಟಿ, ಮುಂದೆ ಮೆದು. ಮುಂದೆ 120, ಹಿಂದೆ 180 ದಾಟಿತು. ಮುಂದಿನ ಹೊರಟಯರ್ 420, ಒಳಟಯರ್ 180. ಅಂದರೆ ಎಳೆಯುವ ಒಳಚಕ್ರಕ್ಕೆ 60 ಕೆ.ಜಿ. ಹೆಚ್ಚು ಸಿಕ್ಕಿತು, ಜೋಡಿ ಸ್ವಲ್ಪ ಸಮಸಮ ಆಯಿತು. ಹಿಂದೆ? ಹೊರಟಯರ್ 380, ಒಳಟಯರ್ 20 ಕೆ.ಜಿ.! ಇನ್ನೊಂದು ಚೂರು ಜೋರಾದರೆ ಆ ಚಕ್ರ ನೆಲ ಬಿಟ್ಟು ಮೇಲೇಳುತ್ತದೆ. ಮುಂಚಕ್ರದ ರೇಸ್ ಕಾರುಗಳು ತಿರುವಿನಲ್ಲಿ, ಕಂಬದ ಬುಡದಲ್ಲಿ ನಾಯಿ ನಿಂತ ಹಾಗೆ, ಒಂದು ಹಿಂಗಾಲು ಎತ್ತಿಕೊಂಡು ಹೋಗುವ ಫೋಟೊ ನೀವು ನೋಡಿರಬಹುದು. ಅದು ಏನೋ ಮುರಿದು ಹೋದದ್ದಲ್ಲ, ಬೇಕೆಂದೇ ಮಾಡಿದ್ದು.

ಮುಂದಿನ ಕಾಯಿಲೆಗೆ ಹಿಂದೆ ಮದ್ದು ಎನ್ನುವುದು ಇದಕ್ಕೇ.

ಸಿವಿಕ್ ಮತ್ತು ಸುಕುಬಾ

ನನ್ನ ಅಕ್ಕನ ಮಗ ಪಿಯುಸಿ. ಆಟದಲ್ಲಿ ಅವನ ಅಚ್ಚುಮೆಚ್ಚಿನ ಕಾರು ಹೋಂಡಾ ಸಿವಿಕ್ ಟೈಪ್ ಆರ್, 'ಇ.ಕೆ.' ಎಂದು ಕರೆಯುವ ಹಳೆಯ ಮಾದರಿ. 1997ರಲ್ಲಿ ಜಪಾನಿನಲ್ಲಿ ಮಾತ್ರ ಮಾರಾಟಕ್ಕೆ ಬಂದದ್ದು. 1.6 ಲೀಟರಿನ ಎಂಜಿನ್, ಟರ್ಬೊ ಇಲ್ಲದೆಯೇ 8,200 ಆರ್‌ಪಿಎಂನಲ್ಲಿ 185 ಅಶ್ವಶಕ್ತಿ. ತೂಕ ಸಾವಿರದ ಐವತ್ತು ಕೆ.ಜಿ. ಆಸುಪಾಸು. ಮೇಲಿನ ಲೆಕ್ಕದ ಕಾರಿಗೆ ಹೆಚ್ಚು ಕಡಿಮೆ ಅಣ್ಣತಮ್ಮನೇ. ಟ್ರ್ಯಾಕ್ ಜಪಾನಿನ ಸುಕುಬಾ. ಬರೀ 2.045 ಕಿ.ಮೀ. ಉದ್ದ. (ನಮ್ಮ ತಾಳವಾಡಿಯವರು ಸತ್ಯಮಂಗಲ ಇಳಿದು ಹೋಗುವ ಕೊಯಮತ್ತೂರಿನ ಕರಿ ಮೋಟರ್ ಸ್ಪೀಡ್‌ವೇ ಕೂಡ 2.1 ಕಿ.ಮೀ. ಇದೆ. ಸಣ್ಣ ಟ್ರ್ಯಾಕ್, ಸಣ್ಣ ಕಾರು, ಒಳ್ಳೆಯ ಜೋಡಿ.)

"ಮಾವ, ಇದು ತಿರುಗುವುದೇ ಇಲ್ಲ. ಎಂತ ಮಾಡಿದ್ರೂ ಹೊರಗೇ ಹೋಗ್ತದೆ" ಎಂದು ದೂರು ತಂದ.

"ಎಂತೆಲ್ಲ ಮಾಡಿದ್ದಿ?"

"ಮುಂದೆ ಕುಸೀತದೆ ಅಂತ ಮುಂದಿನ ಸ್ಪ್ರಿಂಗ್ ಗಟ್ಟಿ ಮಾಡಿದೆ. ಸ್ಟೆಬಿಲೈಸರ್ ಹತ್ತಕ್ಕೆ ಹತ್ತು ಇಟ್ಟೆ."

ರೋಗಿಗೆ ಜ್ವರ ಬಂದಾಗ ಕಂಬಳಿ ಹೊದಿಸಿ ಒಲೆ ಪಕ್ಕ ಕೂರಿಸಿದಂತಾಯಿತು! ಎಲ್ಲವನ್ನೂ ಮೊದಲಿದ್ದ ಅಳತೆಗೆ ತಂದು, ಒಂದು ನೋಟ್‌ಬುಕ್ ಪಕ್ಕದಲ್ಲಿಟ್ಟುಕೊಂಡು ಶುರು ಮಾಡಿದೆವು. ಕಟ್ಟುನಿಟ್ಟು ಒಂದೇ: ಒಂದು ಸಲಕ್ಕೆ ಒಂದನ್ನೇ ಬದಲಿಸುವುದು, ಮೂರು ಸುತ್ತು ಓಡಿಸುವುದು, ಸಮಯ ಬರೆಯುವುದು. ನಾಲ್ಕು ಬದಲಾವಣೆ ಒಟ್ಟಿಗೆ ಮಾಡಿದರೆ ಯಾವುದು ಕೆಲಸ ಮಾಡಿತು, ಯಾವುದು ಕೆಡಿಸಿತು ಎಂದು ದೇವರಿಗೂ ಗೊತ್ತಾಗದು.

ಆಟದೊಳಗಿನ ಅಂಗಡಿಯಿಂದ ಎಲ್ಲವನ್ನೂ ಹೊಂದಿಸಬಹುದಾದ ರೇಸಿಂಗ್ ಸಸ್ಪೆನ್ಷನ್ ಕೊಳ್ಳಬೇಕು. ಇಲ್ಲದಿದ್ದರೆ ಈ ಪುಟದ ಅರ್ಧ ಗುಂಡಿಗಳು ಬೀಗ ಹಾಕಿಕೊಂಡೇ ಇರುತ್ತವೆ.

ಮೊದಲು ಮುಟ್ಟಿದ್ದು ಸ್ಟೆಬಿಲೈಸರ್, ಅಂದರೆ ಆ್ಯಂಟಿ ರೋಲ್ ಬಾರ್. ಎಡ ಬಲ ಚಕ್ರಗಳನ್ನು ಜೋಡಿಸುವ, ಕಾರು ವಾಲದಂತೆ ತಡೆಯುವ ಒಂದು ಕಬ್ಬಿಣದ ಸರಳು. ಆಟದಲ್ಲಿ 1ರಿಂದ 10ರವರೆಗೆ ಅಂಕೆ. ಮುಂದೆ 3, ಹಿಂದೆ 8. ಬೇರೆ ಏನೂ ಮುಟ್ಟಲಿಲ್ಲ. ಮೊದಲ ಹೇರ್‌ಪಿನ್‌ನಲ್ಲೇ ಹುಡುಗನ ಹುಬ್ಬು ಮೇಲೇರಿತು. "ಹೌದಲ್ಲ ಮಾವ, ಮೂತಿ ಒಳಗೆ ಹೋಗ್ತದೆ!"

ನಂತರ ಸ್ಪ್ರಿಂಗ್. ಏಳನೆಯ ಭಾಗದಲ್ಲಿ ಸ್ಪ್ರಿಂಗನ್ನು ಕೆ.ಜಿ. ಲೆಕ್ಕದಲ್ಲಿ ಅಳೆಯುವುದಿಲ್ಲ, ಹರ್ಟ್ಸ್‌ನಲ್ಲಿ ಅಳೆಯುತ್ತಾರೆ. ಕಾರಿನ ಒಂದು ತುದಿಯನ್ನು ಅದುಮಿ ಬಿಟ್ಟರೆ ಸೆಕೆಂಡಿಗೆ ಎಷ್ಟು ಸಲ ಕುಣಿಯುತ್ತದೆ ಎಂಬ ಲೆಕ್ಕ. ಮನೆಬಳಕೆಯ ಕಾರು ಒಂದರಿಂದ ಒಂದೂವರೆ ಸಲ ಕುಣಿಯುವಷ್ಟು ಮೆದು. ರೇಸಿನದ್ದು ಎರಡು ದಾಟುತ್ತದೆ. ಈ ಅಳತೆಯಲ್ಲಿ ಒಂದು ಅನುಕೂಲ ಉಂಟು. ಹಿಂದೆ ತೂಕ ಕಡಿಮೆ ಇರುವುದರಿಂದ ಕೆ.ಜಿ. ಲೆಕ್ಕದಲ್ಲಾದರೆ ಗೊಂದಲ. ಹರ್ಟ್ಸ್‌ನಲ್ಲಿ ತೂಕದ ಲೆಕ್ಕ ಆಗಲೇ ಸೇರಿರುತ್ತದೆ. ಹಿಂದಿನದನ್ನು ಮುಂದಿನದಕ್ಕಿಂತ 0.3ರಿಂದ 0.5ರಷ್ಟು ಹೆಚ್ಚಿಡುವುದು ಒಳ್ಳೆಯ ಆರಂಭ. ಅದಕ್ಕಿಂತ ಹೆಚ್ಚಾದರೆ ಉಬ್ಬುತಗ್ಗಿನಲ್ಲಿ ಬಾಲ ಪುಟಿಯುತ್ತದೆ.

ಎತ್ತರವನ್ನು ತಗ್ಗಿಸಬಹುದು, ಆದರೆ ತೀರಾ ನೆಲಕ್ಕೆ ತಾಗಿಸಬೇಡಿ. ಸುಕುಬಾ ನಯವಾದ ಟ್ರ್ಯಾಕ್, ನಡೆದೀತು. ಉಬ್ಬುತಗ್ಗಿನ ಟ್ರ್ಯಾಕಿನಲ್ಲಿ ಸಸ್ಪೆನ್ಷನ್ ಚಲಿಸಲು ಜಾಗವಿಲ್ಲದೆ ತಳ ಬಡಿದರೆ ಆ ಕ್ಷಣಕ್ಕೆ ಸ್ಪ್ರಿಂಗ್ ಬದಲು ಕಬ್ಬಿಣದ ಗಟ್ಟಿಯೇ ಕೂತ ಹಾಗೆ. ಹಿಂದೆ ಒಂದೈದು ಮಿ.ಮೀ. ಎತ್ತರ ಇಟ್ಟೆವು.

ಶಾಕ್ ಅಬ್ಸಾರ್ಬರ್ ವಿಷಯದಲ್ಲಿ ಹುಡುಗರು ಅನಗತ್ಯವಾಗಿ ತಲೆ ಕೆಡಿಸಿಕೊಳ್ಳುತ್ತಾರೆ. ಅದು ಒಟ್ಟು ಎಷ್ಟು ಭಾರ ದಾಟಬೇಕು ಎಂದು ತೀರ್ಮಾನಿಸುವುದಿಲ್ಲ, ಎಷ್ಟು ಬೇಗ ದಾಟಬೇಕು ಎಂದು ಮಾತ್ರ ತೀರ್ಮಾನಿಸುತ್ತದೆ. ಆದ್ದರಿಂದ ಅದರ ಪ್ರಭಾವ ಕಾಣುವುದು ತಿರುವಿಗೆ ನುಗ್ಗುವಾಗ, ತಿರುವಿನಿಂದ ಹೊರಡುವಾಗ. ಉದ್ದ ತಿರುವಿನ ನಡುಮಧ್ಯೆ ಕಾರು ಹೊರಕ್ಕೆ ಹೋಗುತ್ತಿದ್ದರೆ ಶಾಕ್ ತಿರುಚಿ ಪ್ರಯೋಜನವಿಲ್ಲ. ನಾವು ಮೊದಲಿದ್ದುದನ್ನೇ ಬಿಟ್ಟೆವು, ಕಳೆದುಕೊಂಡದ್ದು ಏನೂ ಇಲ್ಲ.

ಕ್ಯಾಂಬರ್ ಎಂದರೆ ಚಕ್ರದ ತಲೆ ಒಳಕ್ಕೆ ವಾಲುವುದು. ತಿರುವಿನಲ್ಲಿ ಕಾರು ವಾಲಿದಾಗ ಹೊರಟಯರ್ ನೆಲಕ್ಕೆ ಸಪಾಟಾಗಿ ಕೂರಲಿ ಎಂದು ಮೊದಲೇ ವಾಲಿಸಿ ಇಡುವುದು. ಮುಂದೆ ಎರಡರಿಂದ ಎರಡೂವರೆ ಡಿಗ್ರಿ, ಹಿಂದೆ ಒಂದು ಡಿಗ್ರಿ ಸಾಕು. ಹೆಚ್ಚಾದರೆ ನೇರ ದಾರಿಯಲ್ಲಿ ಬ್ರೇಕ್ ಹಿಡಿತ ಕಡಿಮೆಯಾಗುತ್ತದೆ. ಟೋ ಎಂದರೆ ಮೇಲಿನಿಂದ ನೋಡಿದಾಗ ಚಕ್ರದ ಮೂಗು ಒಳಕ್ಕೋ ಹೊರಕ್ಕೋ ಎಂಬುದು. ಹಿಂದಿನ ಚಕ್ರದ ಮೂಗು ಕೂದಲೆಳೆಯಷ್ಟು ಹೊರಗಿದ್ದರೆ ಬಾಲ ಚುರುಕು, ಒಳಗಿದ್ದರೆ ಸ್ಥಿರ. ಕೂದಲೆಳೆ ಅಂದರೆ ಕೂದಲೆಳೆಯೇ.

ಎಲ್ಲಿ ಜಾರುತ್ತಿದೆ?

ಸಮಯ ಇಳಿಯಿತು. ಆದರೆ ಒಂದು ದೂರು ಉಳಿಯಿತು. "ತಿರುವಿಂದ ಹೊರಗೆ ಬರುವಾಗ ಈಗಲೂ ದೂಡ್ತದೆ ಮಾವ."

ಇಲ್ಲೇ ಇರುವುದು ಸೂಕ್ಷ್ಮ. ಅಂಡರ್‌ಸ್ಟಿಯರ್ ಎಂದರೆ ಒಂದೇ ಕಾಯಿಲೆ ಅಲ್ಲ, ಮೂರು. ತಿರುವಿಗೆ ನುಗ್ಗುವಾಗ ಬಂದರೆ ಬ್ರೇಕ್ ಕಡೆ ನೋಡಬೇಕು. ಮುಂದಿನ ಟಯರ್ ಬ್ರೇಕಿಗೇ ಎಲ್ಲವನ್ನೂ ಖರ್ಚು ಮಾಡುತ್ತಿದೆ. ಬ್ರೇಕ್ ಬ್ಯಾಲೆನ್ಸನ್ನು ಒಂದೆರಡು ಅಂಕೆ ಹಿಂದಕ್ಕೆ ಸರಿಸಿದರೆ ಮುಂದಿನ ಟಯರಿಗೆ ಉಸಿರು ಬರುತ್ತದೆ. ತಿರುವಿನ ನಡುವೆ ಬಂದರೆ ಅದು ಸ್ಪ್ರಿಂಗ್, ಸ್ಟೆಬಿಲೈಸರ್ ವ್ಯವಹಾರ. ಹೊರಗೆ ಬರುವಾಗ, ಆ್ಯಕ್ಸಿಲರೇಟರ್ ಒತ್ತಿದ ಮೇಲೆ ಬಂದರೆ? ಅದು ಡಿಫರೆನ್ಷಿಯಲ್‌ನ ಕಿತಾಪತಿ.

ಸಾಮಾನ್ಯ ಕಾರಿನ ಡಿಫರೆನ್ಷಿಯಲ್‌ನಲ್ಲಿ ಒಂದು ದೌರ್ಬಲ್ಯವಿದೆ. ಒಂದು ಚಕ್ರ ಕೆಸರಲ್ಲಿ ಜಾರತೊಡಗಿದರೆ ಇನ್ನೊಂದಕ್ಕೂ ಶಕ್ತಿ ಹೋಗುವುದಿಲ್ಲ. ಮಳೆಗಾಲದಲ್ಲಿ ತೋಟದ ದಾರಿಯಲ್ಲಿ ಕಾರು ಹೂತು ಒಂದೇ ಚಕ್ರ ಗಿರಗಿರ ತಿರುಗುವುದನ್ನು ನೋಡದವರು ಯಾರು? ಅದನ್ನು ತಡೆಯಲು ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್, ಎಲ್‌ಎಸ್‌ಡಿ. ಎರಡೂ ಚಕ್ರವನ್ನು ಸ್ವಲ್ಪ ಮಟ್ಟಿಗೆ ಒಟ್ಟಿಗೆ ಕಟ್ಟಿ ಹಾಕುತ್ತದೆ. ಆಟದಲ್ಲಿ ಇದಕ್ಕೆ ಮೂರು ಅಂಕೆ: ಆರಂಭದ ಬಿಗಿ, ವೇಗ ಹೆಚ್ಚಿಸುವಾಗಿನ ಬಿಗಿ, ಬ್ರೇಕ್ ಹಾಕುವಾಗಿನ ಬಿಗಿ. ನಮ್ಮ ಹುಡುಗ ನಡುವಿನದನ್ನು 50ಕ್ಕೆ ಏರಿಸಿದ್ದ. ಬಿಗಿ ತೀರಾ ಹೆಚ್ಚಾದರೆ ಎರಡು ಮುಂಚಕ್ರಗಳೂ ಒಂದೇ ವೇಗದಲ್ಲಿ ತಿರುಗಲು ಹಟ ಹಿಡಿಯುತ್ತವೆ. ತಿರುವಿನಲ್ಲಿ ಹೊರಚಕ್ರ ಹೆಚ್ಚು ದೂರ ಹೋಗಬೇಕಲ್ಲ, ಹಟ ಹಿಡಿದರೆ ಕಾರು ನೆಟ್ಟಗೆ ಹೋಗುತ್ತದೆ. ತೀರಾ ಕಡಿಮೆಯಾದರೆ ಒಳಚಕ್ರ ಸುತ್ತುತ್ತದೆ. 50ರಿಂದ 20ಕ್ಕೆ ಇಳಿಸಿದೆವು. ಒಳಚಕ್ರ ಚೀರಿತು. 25 ಮಾಡಿದೆವು. ಸರಿಹೋಯಿತು. ಆರಂಭದ ಬಿಗಿ 8, ಬ್ರೇಕಿನದ್ದು 10. ಇವು ವೇದವಾಕ್ಯವಲ್ಲ, ನಮ್ಮ ನೋಟ್‌ಬುಕ್ಕಿನ ಅಂಕೆ. ಟಯರ್ ಬದಲಿಸಿದರೆ ಮತ್ತೆ ಮೊದಲಿನಿಂದ.

ಇಷ್ಟೆಲ್ಲ ಆದ ಮೇಲೂ ಚಾಲಕನ ಕೈ ಸರಿಯಿಲ್ಲದಿದ್ದರೆ ಗೋವಿಂದ. ಕಾರು ಹೊರಕ್ಕೆ ಹೋಗುವಾಗ ಸ್ಟಿಯರಿಂಗನ್ನು ಇನ್ನೂ ತಿರುಗಿಸುವುದು ಎಲ್ಲರ ಸ್ವಭಾವ. ಜಾರುತ್ತಿರುವ ಟಯರನ್ನು ಇನ್ನಷ್ಟು ಓರೆ ಮಾಡಿದರೆ ಇನ್ನಷ್ಟು ಜಾರುತ್ತದೆ, ಅಷ್ಟೆ. ತುಸು ನೇರ ಮಾಡಿ, ಆ್ಯಕ್ಸಿಲರೇಟರ್‌ನಿಂದ ಕಾಲು ಸ್ವಲ್ಪ ತೆಗೆದರೆ ಭಾರ ಮುಂದಕ್ಕೆ ಬಂದು ಮೂತಿ ಮತ್ತೆ ನೆಲ ಹಿಡಿಯುತ್ತದೆ. ಸುಕುಬಾದ ಕೊನೆಯ ದೊಡ್ಡ ಬಲತಿರುವಿನಲ್ಲಿ ಹುಡುಗ ಕಲಿತದ್ದು ಇದನ್ನೇ.

ಕಲಿತ ಜೋಶಿನಲ್ಲಿ ಅದೇ ತಿರುವಿನಲ್ಲಿ ಕಾಲನ್ನು ಥಟ್ಟನೆ ಪೂರ್ತಿ ತೆಗೆದ. ಬಾಲ ಹಾರಿ ಕಾರು ಎರಡು ಗಿರಕಿ ಹೊಡೆದು ಹಿಮ್ಮುಖ ನಿಂತಿತು! ಹಿಂದಿನ ಒಳಟಯರ್ ಮೇಲೆ 20 ಕೆ.ಜಿ. ಮಾತ್ರ ಉಳಿದಿತ್ತು ಎಂದೆವಲ್ಲ. ಕಾಲು ತೆಗೆದಾಗ ಹಿಂದಿನ ಭಾರವೂ ಮುಂದಕ್ಕೆ ಓಡಿದರೆ ಬಾಲವನ್ನು ಹಿಡಿಯುವವರು ಯಾರೂ ಇಲ್ಲ. ನಾವು ಬೇಕೆಂದೇ ಹಿಂದನ್ನು ದುರ್ಬಲ ಮಾಡಿದ್ದರ ಬೆಲೆ ಇದು. ಟೀವಿಯಲ್ಲಿ ಗುಂಡಿ ಒತ್ತಿದರೆ ಮತ್ತೆ ಮೊದಲಿನಿಂದ ಶುರು.

ದಿಂಬಂನಲ್ಲಿ ಆ ಗುಂಡಿ ಇಲ್ಲ

ತಾಳವಾಡಿಯಿಂದ ಸತ್ಯಮಂಗಲಕ್ಕೆ ಇಳಿಯುವ ದಿಂಬಂ ಘಾಟಿಯಲ್ಲಿ 27 ಹೇರ್‌ಪಿನ್ ತಿರುವು. ಊಟಿಯಿಂದ ಮಸಿನಗುಡಿಗೆ ಇಳಿಯುವ ಕಲ್ಹಟ್ಟಿಯಲ್ಲಿ 36. ವಯನಾಡಿನಿಂದ ಕೋಯಿಕ್ಕೋಡಿಗೆ ಹೋಗುವ ತಾಮರಶ್ಶೇರಿ ಚುರದಲ್ಲಿ 9. ಗಡಿಯಾಚೆ ಈಚೆ ಬದುಕುವ ನಮಗೆ ಇವು ಆಟದ ಟ್ರ್ಯಾಕ್ ಅಲ್ಲ, ಆಸ್ಪತ್ರೆಗೆ, ಕಾಲೇಜಿಗೆ, ನೆಂಟರ ಮನೆಗೆ ಹೋಗುವ ದಾರಿ. ಆಟದಲ್ಲಿ ಕಲಿತದ್ದನ್ನು ಈ ದಾರಿಗೆ ತರಬಹುದೇ?

ತತ್ವವನ್ನು ತರಬಹುದು, ಅಂಕೆಯನ್ನಲ್ಲ. ಮುಂಚಕ್ರದ ಕಾರು ತಯಾರಿಸುವ ಕಂಪೆನಿಗಳು ಅದನ್ನು ಬೇಕೆಂದೇ ಅಂಡರ್‌ಸ್ಟಿಯರ್ ಕಡೆಗೆ ವಾಲಿಸಿ ಕೊಡುತ್ತವೆ. ಗಾಬರಿಯಾದ ಚಾಲಕ ಕಾಲು ತೆಗೆದರೂ ಕಾರು ಗಿರಕಿ ಹೊಡೆಯದೆ ನಿಧಾನವಾಗಲಿ ಎಂಬುದೇ ಉದ್ದೇಶ. ನಾವು ಆಟದಲ್ಲಿ ಇಡೀ ಮಧ್ಯಾಹ್ನ ಕೂತು ಅಳಿಸಿ ಹಾಕಿದ್ದು ಆ ರಕ್ಷಣೆಯನ್ನೇ! ನಮ್ಮ ಸ್ವಿಫ್ಟ್‌ನಂಥ ಕಾರುಗಳಲ್ಲಿ ಹಿಂದೆ ಟಾರ್ಷನ್ ಬೀಮ್. ಹಿಂದಿನ ಕ್ಯಾಂಬರ್, ಟೋ ಎಲ್ಲ ಕಾರ್ಖಾನೆಯಲ್ಲಿ ಕೂತಂತೆ ಕೂತದ್ದು. ವೀಲ್ ಅಲೈನ್‌ಮೆಂಟ್ ಅಂಗಡಿಯಲ್ಲಿ ಹೊಂದಿಸುವುದು ಸಾಮಾನ್ಯವಾಗಿ ಮುಂದಿನ ಟೋ ಮಾತ್ರ.

ಕೆಲವು ಹುಡುಗರು ಹಳೆಯ ಕಾರು ಕೊಂಡು ಸ್ಪ್ರಿಂಗಿನ ಒಂದು ಸುತ್ತು ಕತ್ತರಿಸಿ ತಗ್ಗಿಸುತ್ತಾರೆ. 'ಆಟದಲ್ಲಿ ತಗ್ಗಿಸ್ತೇವಲ್ಲ' ಎಂಬ ಸಮಜಾಯಿಷಿ ಬೇರೆ. ಆಟದಲ್ಲಿ ಎತ್ತರ ತಗ್ಗಿಸಿದಾಗ ಸ್ಪ್ರಿಂಗ್, ಶಾಕ್ ಎರಡೂ ಅದಕ್ಕೆ ತಕ್ಕಂತೆ ಬೇರೆಯೇ ಬಂದಿರುತ್ತವೆ. ಕತ್ತರಿಸಿದ ಸ್ಪ್ರಿಂಗ್ ತನ್ನ ಕೂರುವ ಜಾಗದಲ್ಲಿ ಸರಿಯಾಗಿ ಕೂರುವುದಿಲ್ಲ, ಹಳೆಯ ಶಾಕ್ ಅದನ್ನು ತಡೆಯಲಾರದು, ಗುಂಡಿಗೆ ಬಿದ್ದಾಗ ತಳ ಬಡಿಯುತ್ತದೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ವಾಹನದ ಮೂಲ ಸ್ವರೂಪ ಬದಲಿಸುವುದಕ್ಕೆ ತಡೆ ಹಾಕಿದೆ. ಕೇರಳದ ಮೋಟಾರು ವಾಹನ ಇಲಾಖೆಯವರು ಈ ವಿಷಯದಲ್ಲಿ ಎಷ್ಟು ಕಟ್ಟುನಿಟ್ಟು ಎಂದು ಕಾಸರಗೋಡಿನವರಿಗೆ ಹೇಳಬೇಕಾಗಿಲ್ಲ.

ಕಾರನ್ನು ನಿಜವಾಗಿಯೂ ಮಿತಿಯವರೆಗೆ ಓಡಿಸುವ ಆಸೆಯಿದ್ದವರಿಗೆ ಟ್ರ್ಯಾಕ್ ಇದೆ. ಕೊಯಮತ್ತೂರಿನದ್ದು 2003ರಲ್ಲಿ ಶುರುವಾಯಿತು. ಚೆನ್ನೈ ಹತ್ತಿರದ ಇರುಂಗಾಟ್ಟುಕೋಟ್ಟೈಯದ್ದು ಅದಕ್ಕೂ ಹಳೆಯದು. ಎಸ್ಟೀಮ್, ಹೋಂಡಾ ಸಿಟಿ, ಪೋಲೊ ಮೊದಲಾದ ಮುಂಚಕ್ರದ ಕಾರುಗಳು ನಮ್ಮ ದೇಶದ ರೇಸಿನಲ್ಲಿ ಓಡಿವೆ. ಆಟದಿಂದ ಟ್ರ್ಯಾಕಿಗೆ ಹೋದವರೂ ಇದ್ದಾರೆ. ಗ್ರ್ಯಾನ್ ಟುರಿಸ್ಮೊ ಆಡುವವರಿಂದ ಆರಿಸಿ ತರಬೇತಿ ಕೊಡುವ 'ಜಿಟಿ ಅಕಾಡೆಮಿ'ಯನ್ನು ನಿಸಾನ್ ಮತ್ತು ಸೋನಿ 2008ರಲ್ಲಿ ಆರಂಭಿಸಿದವು. ಮೊದಲ ಸಲ ಗೆದ್ದ ಸ್ಪೇನಿನ ಲುಕಾಸ್ ಓರ್ಡೊನೆಜ್ 2011ರ ಲೆ ಮಾನ್ 24 ಗಂಟೆ ರೇಸಿನಲ್ಲಿ ತನ್ನ ವರ್ಗದಲ್ಲಿ ಎರಡನೆಯ ಸ್ಥಾನ ಪಡೆದರು. 2014ರಲ್ಲಿ ಈ ಸ್ಪರ್ಧೆ ಭಾರತಕ್ಕೂ ಬಂದಿತ್ತು. ಈಗ ಆ ಅಕಾಡೆಮಿ ನಡೆಯುತ್ತಿಲ್ಲ. ಅದರ ಕಥೆ 2023ರಲ್ಲಿ ಸಿನಿಮಾ ಆಯಿತು.

ಮನೆಯ ಕಾರಿಗೆ ಬಳಸಬಹುದಾದ ಒಂದು ಪಾಠ ಮಾತ್ರ ನಮ್ಮ ಹುಡುಗನೇ ಹುಡುಕಿದ. ಭಾವನ ಕಾರಿನ ಮುಂದಿನ ಎರಡು ಟಯರ್ ಸವೆದಿದ್ದವು. ಅಂಗಡಿಯವನು ಎರಡು ಹೊಸ ಟಯರ್ ತಂದು ಮುಂದಕ್ಕೇ ಹಾಕಿ ಕಳಿಸಿದ್ದ. ಎಳೆಯುವುದು, ತಿರುಗುವುದು ಎಲ್ಲ ಮುಂದೆ ತಾನೇ, ಹೊಸದು ಅಲ್ಲೇ ಇರಲಿ ಎಂದು ಹೆಚ್ಚಿನವರು ಹೀಗೇ ಮಾಡುತ್ತಾರೆ. ಹುಡುಗ ಅಂಗಳಕ್ಕೆ ಇಳಿದು ಹಿಂದಿನ ಟಯರಿನ ಗೀರಿಗೆ ಉಗುರು ಹಾಕಿ ನೋಡಿದ.

"ಅಪ್ಪ, ಇದು ನನ್ನ ಸಿವಿಕ್ಕಿನ ಹಾಗೇ ಆಯಿತಲ್ಲ. ಮುಂದೆ ಗಟ್ಟಿ ಹಿಡಿತ, ಹಿಂದೆ ಎಂತದೂ ಇಲ್ಲ. ಮಳೆಗೆ ಕಾಲು ತೆಗೆದ್ರೆ ಬಾಲ ಹೋಗ್ತದೆ."

ಹುಡುಗ ಹೇಳಿದ್ದು ಸರಿ. ಎರಡೇ ಟಯರ್ ಬದಲಿಸುವುದಾದರೆ, ಕಾರು ಮುಂಚಕ್ರದ್ದಾದರೂ ಸರಿ, ಹೊಸವನ್ನು ಹಿಂದೆ ಹಾಕಿ ಎಂದು ಟಯರ್ ಕಂಪೆನಿಗಳೇ ಹೇಳುತ್ತವೆ. ಮುಂದೆ ಜಾರಿದರೆ ಸ್ಟಿಯರಿಂಗ್‌ನಲ್ಲಿ ಗೊತ್ತಾಗುತ್ತದೆ, ವೇಗ ಇಳಿಸಿದರೆ ಹಿಡಿತ ಮರಳಿ ಬರುತ್ತದೆ. ನೀರು ನಿಂತ ರಸ್ತೆಯಲ್ಲಿ ಹಿಂದೆ ಜಾರಿದರೆ ಮುನ್ಸೂಚನೆಯೇ ಇರುವುದಿಲ್ಲ, ಸರಿಪಡಿಸುವುದು ನುರಿತವರಿಗೂ ಕಷ್ಟ. ಮುಂದಿನ ಟಯರಿಗೂ ಸಾಕಷ್ಟು ಗೀರು ಇರಲೇಬೇಕು ಎನ್ನುವುದು ಬೇರೆ ಮಾತು. ಕಾನೂನಿನ ಪ್ರಕಾರ ಕಾರಿನ ಟಯರಿನಲ್ಲಿ 1.6 ಮಿ.ಮೀ.ಗಿಂತ ಕಡಿಮೆ ಗೀರು ಇರುವಂತಿಲ್ಲ. ಮಳೆಗಾಲದ ಘಾಟಿಗೆ ಅದಕ್ಕಿಂತ ಎಷ್ಟೋ ಹೆಚ್ಚು ಇದ್ದರೇ ಒಳ್ಳೆಯದು.

ಭಾವ ಮೊದಲು ನಕ್ಕರು. ಸಂಪಾಜೆ ಘಾಟಿ ಹತ್ತಿ ಮಡಿಕೇರಿಗೆ ಮದುವೆಗೆ ಹೋಗುವುದಿತ್ತು, ಜೂನ್ ತಿಂಗಳು. ಹಿಂದಿನ ದಿನ ಸಂಜೆ ಅದೇ ಅಂಗಡಿಗೆ ಹೋಗಿ ಮುಂದಿನವನ್ನು ಹಿಂದಕ್ಕೆ, ಹಿಂದಿನವನ್ನು ಮುಂದಕ್ಕೆ ಹಾಕಿಸಿಕೊಂಡು ಬಂದರು. ಅರ್ಧ ಗಂಟೆಯ ಕೆಲಸ. ಗಾಳಿಯನ್ನೂ ಬಾಗಿಲ ಪಕ್ಕದ ಸ್ಟಿಕ್ಕರ್ ನೋಡಿ ತುಂಬಿಸಿದರಂತೆ.